ಅಜ್ಜಿಯ ಹಸಿವು ಮತ್ತು ಹನ್ನೆರಡು ಲೀಟರಿನ ಕುಕ್ಕರ್

ಒಂದು ಕುಟುಂಬಕ್ಕೆ ಎಷ್ಟು ಲೀಟರಿನ ಕರೆಂಟ್ ಕುಕ್ಕರ್ ಬೇಕೆಂಬುದನ್ನು ಆ ಕುಟುಂಬವೇ ತೀರ್ಮಾನಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಹುಕಾಲ ಜಾರಿಯಲ್ಲಿತ್ತು. ಇದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆಯ ಬಗ್ಗೆ ಒಂದೇ ಒಂದು ದೂರೂ ದಾಖಲಾಗದಿದ್ದುದನ್ನು ಗಂಭೀರವಾಗಿ ಪರಿಗಣಿಸಿ ಸದರಿ ಪದ್ಧತಿಯನ್ನು ರದ್ದುಪಡಿಸಲಾಯಿತು. ಅದರ ಸ್ಥಾನದಲ್ಲಿ ಗೃಹಪಾಕ ಪ್ರಮಾಣ ನಿರ್ಣಯ ಇಲಾಖೆಯನ್ನು ಸ್ಥಾಪಿಸಲಾಯಿತು.

ಇಲಾಖೆಯಲ್ಲಿ ನಿರ್ದೇಶಕರೂ ಸೇರಿ ಇಪ್ಪತ್ತು ಜನ. ನಾನು ಕೂಡುವ ವಿಭಾಗದ ಗುಮಾಸ್ತ. ಅಂಕಿಗಳು ನನ್ನ ಮೇಜಿಗೆ ಬಂದರೆ ಅವನ್ನು ಕೂಡಿಸಿ ಮುಂದಿನ ಮೇಜಿಗೆ ಕಳಿಸುವುದು ನನ್ನ ಕೆಲಸ. ಕಳೆಯುವ ವಿಭಾಗವೂ ಇತ್ತು. ಅಲ್ಲಿಗೆ ಹೋದ ಕಡತಗಳು ಕಳೆದೇ ಹೋಗುತ್ತಿದ್ದುದರಿಂದ ಆ ವಿಭಾಗದ ದಕ್ಷತೆಯ ಬಗ್ಗೆ ಎರಡು ಮಾತಿರಲಿಲ್ಲ. ಗುಣಿಸುವ ಅಧಿಕಾರವನ್ನು ನಿರ್ದೇಶಕರು ತಮ್ಮಲ್ಲೇ ಉಳಿಸಿಕೊಂಡಿದ್ದರು. ಭಾಗಿಸುವ ವಿಭಾಗಕ್ಕೆ ಮಾತ್ರ ಇನ್ನೂ ಹುದ್ದೆ ಮಂಜೂರಾಗಿರಲಿಲ್ಲ.

ನಾನು ಹೇಳಹೊರಟಿರುವುದು ಒಬ್ಬ ಲೆಕ್ಕದ ಟೀಚರ ಮನೆಯ ವಿಷಯ. ಟೀಚರು ಬೆಳಗಿನ ಶಾಲೆಯಲ್ಲಿ ಪಾಠ ಹೇಳುವವರು. ಅವರ ಯಜಮಾನರು ಬೀಗ ರಿಪೇರಿ ಮಾಡುವವರು; ಬಸ್ ನಿಲ್ದಾಣದ ಎದುರು ಅವರದೊಂದು ಬೀರುವಿನಷ್ಟು ಅಗಲದ ಅಂಗಡಿ. ಆರನೇ ತರಗತಿ ಓದುವ ಮಗಳು. ಜೊತೆಗೆ ಬೀಗದವರ ತಾಯಿ, ಅಂದರೆ ಅಜ್ಜಿ. ಒಟ್ಟು ನಾಲ್ಕು ಜನ, ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಮೇಜಿನ ಮೇಲೆ ಹದಿನಾಲ್ಕು ವರ್ಷದಿಂದ ಎರಡು ಲೀಟರಿನ ಕುಕ್ಕರೊಂದು ತನ್ನ ಪಾಡಿಗೆ ತಾನು ಅನ್ನ ಮಾಡಿಕೊಂಡು ಬಂದಿತ್ತು. ಒಂದು ಬೆಳಗ್ಗೆ ಅದರ ಕೆಂಪು ದೀಪ ಉರಿಯಿತು, ಅಕ್ಕಿ ಮಾತ್ರ ತಣ್ಣೀರಿನಲ್ಲೇ ಕೂತಿತ್ತು. ಬೀಗದವರು ತಳ ಬಿಚ್ಚಿ ನೋಡಿ, ಇದು ಬೀಗವಾಗಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಹೇಳಿ ಮತ್ತೆ ಮುಚ್ಚಿದರು.

ಟೀಚರು ನಮೂನೆ ಏಳರಲ್ಲಿ ಅರ್ಜಿ ಹಾಕಿದರು. (ನಮೂನೆ ಒಂದರಿಂದ ಆರನ್ನು ಮುಂದೆ ಹುಟ್ಟಬಹುದಾದ ಅಗತ್ಯಗಳಿಗೆಂದು ಕಾಯ್ದಿರಿಸಲಾಗಿದೆ.) ತಲೆಗೆ ಅರ್ಧ ಲೀಟರ್ ಎಂಬುದು ಇಲಾಖೆಯದೇ ಸೂತ್ರವಾದ್ದರಿಂದ ಅವರು ಅರ್ಜಿಯ ಕೆಳಗೆ ನಾಲ್ಕು ತಲೆ, ಎರಡು ಲೀಟರ್ ಎಂದು ಬರೆದು, ಅಭ್ಯಾಸಬಲದಿಂದ ಉತ್ತರದ ಕೆಳಗೆ ಎರಡು ಗೆರೆ ಎಳೆದಿದ್ದರು. ವಾರದೊಳಗೆ ಅವರಿಗೆ ಆಕ್ಷೇಪಣಾ ಪತ್ರ ಹೋಯಿತು. ಅದರ ಒಕ್ಕಣೆ ಹೀಗಿತ್ತು:

“ಅರ್ಜಿದಾರರ ಉತ್ತರ ಸರಿಯಾಗಿದೆ. ಆದರೆ ಲೆಕ್ಕ ಮಾಡಲು ಅವರಿಗೆ ಅಧಿಕಾರವಿರುವುದಿಲ್ಲ. ಸರಿಯಾದ ಉತ್ತರವನ್ನು ಅನಧಿಕೃತವಾಗಿ ಕಂಡುಹಿಡಿದಿರುವುದಕ್ಕಾಗಿ ಮೊದಲ ಎಚ್ಚರಿಕೆ ನೀಡಲಾಗಿದೆ. ಸ್ಥಳ ಪರಿಶೀಲನೆ ಮೂರು ಬಾರಿ ನಡೆಯತಕ್ಕದ್ದು.”

ಸ್ಥಳ ಪರಿಶೀಲನೆ ಎಂದರೆ ಮನೆಯವರ ಹಸಿವನ್ನು ಅಳೆಯುವುದು. ಇದಕ್ಕೆಂದೇ ನಮ್ಮಲ್ಲಿ ಹಸಿವು ಪರಿವೀಕ್ಷಕರು ಎಂಬ ಹುದ್ದೆಯಿದೆ. ಆಗ ಆ ಹುದ್ದೆಯಲ್ಲಿದ್ದವರು ಉದ್ದಕ್ಕೆ, ಸಣ್ಣಗೆ, ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕಾದಂಥ ಮನುಷ್ಯ. ಅವರು ಸರಿಯಾಗಿ ಊಟದ ಹೊತ್ತಿಗೆ ಟೀಚರ ಮನೆಗೆ ಹೋದರು. ಕುಕ್ಕರ್ ಇಲ್ಲದೆ ಒಲೆಯ ಮೇಲೆ ಪಾತ್ರೆಯಿಟ್ಟು ಅನ್ನ ಮಾಡಿದ್ದನ್ನು ಕಂಡು, ಈ ಮನೆಯಲ್ಲಿ ಕುಕ್ಕರ್ ಇಲ್ಲದೆಯೂ ಅನ್ನವಾಗುತ್ತಿರುವುದು ಅರ್ಜಿದಾರರಿಗೆ ಪ್ರತಿಕೂಲವಾದ ಸಂಗತಿ ಎಂದು ಮೊದಲು ಬರೆದುಕೊಂಡರು. ಆಮೇಲೆ ಎಲ್ಲರನ್ನೂ ಊಟಕ್ಕೆ ಕೂರಿಸಿದರು. ತಿನ್ನುವವರನ್ನು ಸುಮ್ಮನೆ ನೋಡುತ್ತ ಕೂರುವುದು ಅಸಭ್ಯತೆಯಾಗುವುದರಿಂದ ತಾವೂ ಕೂತರು.

ಟೀಚರು, ಬೀಗದವರು, ಮಗಳು ಒಂದೊಂದು ತಟ್ಟೆ ಉಂಡರು. ಪರಿವೀಕ್ಷಕರು ನಾಲ್ಕು ತಟ್ಟೆ ಉಂಡರು. ಅಜ್ಜಿ ಬಡಿಸುತ್ತಿದ್ದರು; ಅತಿಥಿ ಬಂದಾಗ ಅನ್ನ ಸಾಲದೆ ಹೋದೀತೆಂದು ತಾವು ಕೂರಲೇ ಇಲ್ಲ. ಪರಿವೀಕ್ಷಕರು ಕೈ ತೊಳೆದು, ಒರೆಸಿಕೊಂಡು, “ಮನೆಯಲ್ಲಿ ಊಟದ ವೇಳೆ ಖರ್ಚಾದ ತಟ್ಟೆ: ಏಳು. ಅಜ್ಜಿಯ ಹಸಿವು: ಶೂನ್ಯ” ಎಂದು ವರದಿ ಬರೆದರು. ಕಂಡದ್ದನ್ನು ಕಂಡಹಾಗೆ ಬರೆಯುವುದರಲ್ಲಿ ಅವರಿಗೆ ಹೆಸರಿತ್ತು.

ಎರಡನೇ ಬಾರಿ, ಮೊದಲ ಪರಿಶೀಲನೆ ಸರಿಯಾಗಿ ನಡೆದಿದೆಯೇ ಎಂದು ಪರಿಶೀಲಿಸಲು ಹಿರಿಯ ಪರಿವೀಕ್ಷಕರು ಜೊತೆಗೆ ಹೋದರು. ಆ ದಿನ ಎಂಟು ತಟ್ಟೆ. ಮೂರನೇ ಬಾರಿ ದಾಖಲೆಗಾಗಿ ನನ್ನನ್ನೂ ಕರೆದುಕೊಂಡು ಹೋದರು. ಆ ದಿನ ಒಂಬತ್ತು. ಅದರಲ್ಲಿ ಎರಡು ನನ್ನವು ಎಂದು ಒಪ್ಪಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. ಟೀಚರು ಮಾಡಿದ ಬೇಳೆಯ ಸಾರು ಅಂಥದು. ಮೇಲಾಗಿ ನಾನು ಕರ್ತವ್ಯದ ಮೇಲಿದ್ದೆ. ಮೂರು ಸಲವೂ ಅಜ್ಜಿ ಕೂರಲಿಲ್ಲ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯನ್ನು ಹಿರಿಯ ಪರಿವೀಕ್ಷಕರು ಅವರೆದುರಿಗೇ ಹೇಳಿ ಮೆಚ್ಚಿಕೊಂಡರು, ಆಮೇಲೆ ಮೂರನೇ ಶೂನ್ಯ ಬರೆದರು.

ಮೂರು ವರದಿಗಳೂ ನನ್ನ ಮೇಜಿಗೆ ಬಂದವು. ಏಳು, ಎಂಟು, ಒಂಬತ್ತು ಕೂಡಿಸಿದೆ. ಇಪ್ಪತ್ತನಾಲ್ಕು ಬಂತು. ಮೂರು ಶೂನ್ಯ ಕೂಡಿಸಿದೆ, ಶೂನ್ಯ ಬಂತು. ನಿರ್ದೇಶಕರು ಇಪ್ಪತ್ತನಾಲ್ಕನ್ನು ಅರ್ಧ ಲೀಟರಿನಿಂದ ಗುಣಿಸಿದರು. ಟೀಚರ ಕುಟುಂಬಕ್ಕೆ ಹನ್ನೆರಡು ಲೀಟರಿನ ಕುಕ್ಕರ್ ಮಂಜೂರಾಯಿತು.

ಅದನ್ನು ಕೈಗಾಡಿಯಲ್ಲಿ ತಂದರು. ಇಳಿಸಲು ನಾಲ್ಕು ಜನ ಬೇಕಾದರು. ಬಾಗಿಲಲ್ಲಿ ಹಿಡಿಯಲಿಲ್ಲ. ಜೀವಮಾನವಿಡೀ ಜನರಿಗೆ ಬಾಗಿಲು ತೆಗೆದುಕೊಟ್ಟ ಬೀಗದವರು ಆ ದಿನ ತಮ್ಮ ಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ತೆಗೆದರು. ಕುಕ್ಕರ್ ಒಳಗೆ ಬಂತು, ಚೌಕಟ್ಟು ಹೊರಗೇ ಉಳಿಯಿತು. ಅದು ಮೇಜಿನ ಮೇಲಿಡುವ ಮಾದರಿಯೆಂದು ಆದೇಶದಲ್ಲಿ ಸ್ಪಷ್ಟವಾಗಿದ್ದುದರಿಂದ ನೆಲದ ಮೇಲಿಡುವ ಹಾಗಿರಲಿಲ್ಲ. ಇದ್ದ ಒಂದೇ ಮೇಜಿನ ಮೇಲೆ ಅದನ್ನು ಕೂರಿಸಿದಾಗ ಮೇಜಿನ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೊರಟವು. ಬೀಗದವರು ಅವುಗಳಿಗೆ ಸರಪಳಿ ಕಟ್ಟಿ, ಬೀಗ ಹಾಕಿ ನಿಲ್ಲಿಸಿದರು. ಮಗಳು ಆ ಮೇಜಿನ ಮೇಲೆ ಓದುತ್ತಿದ್ದವಳು ಅಂದಿನಿಂದ ಮೇಜಿನ ಕೆಳಗೆ ಓದತೊಡಗಿದಳು.

ನಿಜವಾದ ತೊಡಕು ಶುರುವಾದದ್ದು ಅನ್ನಕ್ಕಿಡುವಾಗ. ಒಳಗಿನ ಪಾತ್ರೆಗೆ ಗೆರೆಗಳಿದ್ದವು. ಎಲ್ಲಕ್ಕಿಂತ ಕೆಳಗಿನ ಗೆರೆಯೇ ಹನ್ನೆರಡು ಜನಕ್ಕೆ. ಟೀಚರು ನಾಲ್ಕು ಜನಕ್ಕಾಗುವಷ್ಟು ಅಕ್ಕಿ ಹಾಕಿದರೆ ಅದು ತಳದಲ್ಲಿ ಒಂದು ಪದರವಾಗಿ ಹರಡಿಕೊಂಡಿತು, ಸ್ವಿಚ್ಚು ಟಕ್ ಎಂದು ಮೇಲಕ್ಕೆ ಹಾರಿತು. ಒತ್ತಿದರೆ ಮತ್ತೆ ಟಕ್. ಇಷ್ಟು ಸಣ್ಣ ಕೆಲಸಕ್ಕೆ ತನ್ನನ್ನು ಕರೆಯಬಾರದೆಂಬ ನಿಲುವು ಆ ಕುಕ್ಕರಿನದು. ವಿಧಿಯಿಲ್ಲದೆ ಟೀಚರು ಕೆಳಗಿನ ಗೆರೆಯವರೆಗೆ ಅಕ್ಕಿ ಹಾಕಿ, ಉಳಿದ ಅನ್ನವನ್ನು ಬೀದಿಯವರಿಗೆ ಹಂಚಿದರು. ಎರಡು ದಿನ ಹಂಚಿದ್ದೇ ತಡ, ಮೂರನೇ ದಿನ ನೋಟೀಸು ಬಂತು. ಅದರಲ್ಲಿ ಮೂರು ಅಂಶಗಳಿದ್ದವು. ಮಂಜೂರಾದ ಕುಕ್ಕರಿನ ಅನ್ನವನ್ನು ಕುಟುಂಬದ ಹೊರಗಿನವರಿಗೆ ಕೊಡುವುದು ಅಪರಾಧ. ಮಂಜೂರಾದ ಕುಕ್ಕರನ್ನು ಬಳಸದೆ ಇಡುವುದು ಅದಕ್ಕಿಂತ ದೊಡ್ಡ ಅಪರಾಧ. ಮತ್ತು, ಇಪ್ಪತ್ತನಾಲ್ಕು ಜನರ ಕುಕ್ಕರ್ ಇರುವ ಮನೆಯಲ್ಲಿ ಹಸಿವುಳ್ಳ ಸದಸ್ಯರು ಮೂವರೇ ಇರುವುದರಿಂದ ಕುಟುಂಬದಲ್ಲಿ ಇಪ್ಪತ್ತೊಂದು ಮಂದಿಯ ಕೊರತೆ ಕಂಡುಬಂದಿದ್ದು, ಅದನ್ನು ಇಪ್ಪತ್ತೊಂದು ದಿನದಲ್ಲಿ ತುಂಬತಕ್ಕದ್ದು. ತಪ್ಪಿದಲ್ಲಿ ಸದರಿ ಅಪೂರ್ಣ ಕುಟುಂಬವನ್ನು ಹತ್ತಿರದ ಸೂಕ್ತ ಕುಟುಂಬದೊಂದಿಗೆ ವಿಲೀನಗೊಳಿಸಲಾಗುವುದು.

ಟೀಚರು ನೋಟೀಸು ಹಿಡಿದು ನಿರ್ದೇಶಕರ ಕೋಣೆಗೆ ಬಂದರು. ಟಿಪ್ಪಣಿ ಬರೆದುಕೊಳ್ಳಲು ನಾನೂ ಅಲ್ಲಿದ್ದೆ. ಮೂರು ದಿನದ ತಟ್ಟೆಗಳನ್ನು ಕೂಡಿಸಿದ ಮೇಲೆ ಮೂರರಿಂದ ಭಾಗಿಸಬೇಕೆಂಬುದು ತಮ್ಮ ಐದನೇ ತರಗತಿಯ ಮಕ್ಕಳಿಗೂ ಗೊತ್ತು ಎಂದು ಅವರು ಮೆಲ್ಲಗೆ ಹೇಳಿದರು. ನಿರ್ದೇಶಕರು ಸಹನೆಯಿಂದ ಕೇಳಿಸಿಕೊಂಡರು. ಭಾಗಿಸುವ ವಿಭಾಗಕ್ಕೆ ಹುದ್ದೆ ಮಂಜೂರಾದ ದಿನ ಈ ಕಡತವನ್ನೇ ಮೊದಲು ಭಾಗಿಸುವುದಾಗಿ ಮಾತು ಕೊಟ್ಟರು.

“ಸಾರ್, ನಮಗೆ ದೊಡ್ಡದಾಯ್ತು ಅಷ್ಟೇ. ಇದನ್ನ ವಾಪಸ್ ತಗೊಂಡು ಚಿಕ್ಕದು ಕೊಟ್ಬಿಡಿ,” ಎಂದರು ಟೀಚರು.

“ಕುಕ್ಕರ್ ಸರಿಯಾಗೇ ಇದೆಯಮ್ಮ. ಮೂರು ಸಲ ಅಳೆದು ಕೊಟ್ಟಿದ್ದು,” ಎಂದರು ನಿರ್ದೇಶಕರು. “ನಿಮ್ಮ ಕುಟುಂಬ ಚಿಕ್ಕದಾಗಿದೆ.”

“ನಾವು ಮೊದಲಿಂದಾನೂ ನಾಲ್ಕೇ ಜನ.”

“ಅದನ್ನೇ ನಾನೂ ಹೇಳ್ತಿರೋದು. ಮೊದಲಿಂದಾನೂ ತಪ್ಪಾಗಿದೆ.”

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿರುವುದನ್ನೂ, ಹಾಸಿಗೆ ಉದ್ದವಾಗಿದ್ದಲ್ಲಿ ಕಾಲನ್ನು ಬೆಳೆಸಿಕೊಳ್ಳುವುದು ಅರ್ಜಿದಾರರ ಜವಾಬ್ದಾರಿ ಎಂದು ನಿಯಮ ಮೂವತ್ತೊಂದರಲ್ಲಿ ಅದನ್ನು ವಿವರಿಸಿರುವುದನ್ನೂ ಅವರು ಓದಿ ತೋರಿಸಿದರು. ಟೀಚರು ನೋಟೀಸನ್ನು ಮಡಚಿಕೊಂಡು ಎದ್ದುಹೋದರು. ಮರುದಿನ ಶಾಲೆಯಲ್ಲಿ ಅವರು ಭಾಗಾಕಾರದ ಪಾಠವಿದ್ದರೂ ಮಕ್ಕಳಿಗೆ ಚಿತ್ರ ಬರೆಯಲು ಹೇಳಿ ಕಿಟಕಿಯ ಹತ್ತಿರ ನಿಂತಿದ್ದರೆಂದು ಆಮೇಲೆ ತಿಳಿಯಿತು.

ಹತ್ತಿರದ ಸೂಕ್ತ ಕುಟುಂಬವನ್ನು ಇಲಾಖೆ ಆಗಲೇ ಗುರುತಿಸಿಟ್ಟಿತ್ತು. ಹಿಂದಿನ ಬೀದಿಯ ಬ್ಯಾಂಡಿನವರ ಮನೆ. ಮೂರು ತಲೆಮಾರು ಒಂದೇ ಸೂರಿನಡಿ, ಸರಿಯಾಗಿ ಇಪ್ಪತ್ತೊಂದು ಜನ, ಒಬ್ಬೊಬ್ಬರಿಗೂ ಒಂದೊಂದು ವಾದ್ಯ. ವಿಲೀನದ ಸುದ್ದಿ ತಿಳಿದು ಅವರ ಹಿರಿಯಣ್ಣ, ಡೋಲು ಬಾರಿಸುವವರು, ಮನೆ ನೋಡಲು ಬಂದರು. ಒಳ್ಳೆಯ ಮನುಷ್ಯ. ಕೋಣೆಗಳನ್ನು ಹೆಜ್ಜೆಯಲ್ಲಿ ಅಳೆದು, ಕಹಳೆಯವರನ್ನು ಅಡುಗೆಮನೆಯಲ್ಲೂ ತಾಳದವರನ್ನು ಅಜ್ಜಿಯ ಮಂಚದ ಸುತ್ತಲೂ ಮಲಗಿಸಬಹುದೆಂದು ಅಂದಾಜು ಮಾಡಿದರು. ತಾವು ಬೆಳಗ್ಗೆ ಐದಕ್ಕೆ ಅಭ್ಯಾಸ ಶುರು ಮಾಡುವುದಾಗಿಯೂ, ಟೀಚರಿಗೆ ಅಲಾರಾಂ ಬೇಕಾಗುವುದಿಲ್ಲವೆಂದೂ ಸಮಾಧಾನ ಹೇಳಿದರು. ಬಾಗಿಲ ಚೌಕಟ್ಟು ತೆಗೆದಿರುವುದು ಡೋಲಿಗೆ ಅನುಕೂಲವೆಂದು ಹೇಳಿ ಹೋದರು.

ಆ ಸಂಜೆ ಅಜ್ಜಿ ಮೊಮ್ಮಗಳಿಂದ ನೋಟೀಸನ್ನು ಪೂರ್ತಿ ಓದಿಸಿದರು. ಮೇಜಿನ ಕೆಳಗೆ ಕೂತೇ ಅವಳು ಓದಿದಳು. ಹಸಿವುಳ್ಳ ಸದಸ್ಯರು ಮೂವರು ಎಂಬಲ್ಲಿಗೆ ಬಂದಾಗ ಅಜ್ಜಿ, ಯಾರನ್ನು ಬಿಟ್ಟಿದ್ದಾರೆ ಎಂದು ಕೇಳಿದರು. ಮೊಮ್ಮಗಳು ತಡವರಿಸಿ, ನಿನ್ನ ಹೆಸರಿನ ಮುಂದೆ ಸೊನ್ನೆ ಇದೆ ಅಜ್ಜಿ ಎಂದಳು.

ಮದುವೆಯಾಗಿ ಬಂದಾಗಿನಿಂದ ಎಲ್ಲರಿಗೂ ಬಡಿಸಿ, ಪಾತ್ರೆಯಲ್ಲಿ ಮಿಕ್ಕಿದ್ದನ್ನು ಉಂಡು ಅಜ್ಜಿಗೆ ರೂಢಿ. ಮಿಗದಿದ್ದರೆ ಹಸಿವಿಲ್ಲ ಎನ್ನುವುದೂ ರೂಢಿ. ಅದನ್ನು ಯಾರೂ ಇಷ್ಟು ವರ್ಷ ಗಮನಿಸಿರಲಿಲ್ಲ. ಗಮನಿಸಿದವರು ಸೊನ್ನೆ ಹಾಕಿ ಹೋಗಿದ್ದರು. ಸೊಸೆ ಸಮಾಧಾನ ಮಾಡಲು ಬಂದಾಗ ಅವರು ಒಂದೇ ಮಾತು ಹೇಳಿದರು.

“ನಾಳೆ ನನ್ನನ್ನ ಆ ಆಫೀಸಿಗೆ ಕರ್ಕೊಂಡು ಹೋಗಮ್ಮ. ನನಗೂ ಹಸಿವಾಗುತ್ತೆ ಅಂತ ಹೇಳಿ ಬರ್ತೀನಿ.”

ಹಸಿವಾಗುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ, ಪರೀಕ್ಷೆ ಆಗಬೇಕು. ಟೀಚರಿಗೆ ಶಾಲೆಯಿದ್ದುದರಿಂದ ಬೀಗದವರೇ ಅಂಗಡಿ ಮುಚ್ಚಿ ತಾಯಿಯನ್ನು ಕರೆತಂದರು. ಬೆಳಗ್ಗೆ ಹತ್ತಕ್ಕೆ ಅಜ್ಜಿಗೆ ಟೋಕನ್ ಕೊಟ್ಟು ಬೆಂಚಿನ ಮೇಲೆ ಕೂರಿಸಲಾಯಿತು. ಆ ದಿನ ಬೇರೆ ಅರ್ಜಿದಾರರು ಯಾರೂ ಇರಲಿಲ್ಲ. ಆದರೂ ಟೋಕನ್ ಸಂಖ್ಯೆ ನಲವತ್ತಾದ್ದರಿಂದ ಮೊದಲ ಮೂವತ್ತೊಂಬತ್ತು ಸಂಖ್ಯೆಗಳನ್ನು ಒಂದೊಂದಾಗಿ ಮೂರು ಸಲ ಕೂಗಿ, ಯಾರೂ ಬರದಿದ್ದುದನ್ನು ದಾಖಲಿಸಿಕೊಳ್ಳುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಅಜ್ಜಿ ಮನೆಯಿಂದ ತಂದ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೂತಿದ್ದರು.

ಪರೀಕ್ಷೆಯ ನಿಯಮ ಸರಳವಾದದ್ದು. ಪರೀಕ್ಷಾರ್ಥಿಯ ಮುಂದೆ ಆಹಾರ ಇಡತಕ್ಕದ್ದು. ಅವರು ಮುಟ್ಟಿದ ಒಂದೊಂದು ಡಬ್ಬಿಯನ್ನೂ ಒಬ್ಬರ ಹಸಿವೆಂದು ಎಣಿಸತಕ್ಕದ್ದು. ಅವರಾಗಿಯೇ ಸಾಕು ಎನ್ನುವವರೆಗೆ ಮುಂದಿನ ಡಬ್ಬಿ ತಂದಿಡತಕ್ಕದ್ದು. ಪರಿವೀಕ್ಷಕರು ಮೊದಲು ಅಜ್ಜಿಯ ಡಬ್ಬಿಯನ್ನೇ ತೆಗೆದಿಟ್ಟರು. ಅಜ್ಜಿ ಉಂಡರು. ಮೊದಲು ಬಡಿಸದೆ ಮೊದಲು ಉಂಡದ್ದು ಅದೇ ಮೊದಲಿರಬೇಕು. ಕೊನೆಯ ತುತ್ತಿನವರೆಗೂ ಅಕ್ಕಪಕ್ಕ ನೋಡದೆ, ನಿಧಾನವಾಗಿ, ಡಬ್ಬಿ ಬಳಿದು ಉಂಡರು. ಬೀಗದವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಒಂದು ಹಳೆಯ ಸುತ್ತೋಲೆಯನ್ನು ಓದುತ್ತ ನಿಂತಿದ್ದರು.

ಅಜ್ಜಿ ಸಾಕು ಎನ್ನಲಿಲ್ಲ. ಕಚೇರಿಯಲ್ಲಿ ಬೇರೆ ಆಹಾರವಿರಲಿಲ್ಲವಾದ್ದರಿಂದ ಪರಿವೀಕ್ಷಕರು ತಮ್ಮ ಡಬ್ಬಿ ತಂದಿಟ್ಟರು. ಅಜ್ಜಿ ಅದರಿಂದ ಒಂದು ತುತ್ತು ತೆಗೆದುಕೊಂಡು, ಚೆನ್ನಾಗಿದೆಯಪ್ಪ, ಉಪ್ಪು ಒಂಚೂರು ಮುಂದು ಎಂದರು. ಹಿರಿಯ ಪರಿವೀಕ್ಷಕರ ಡಬ್ಬಿ ಬಂತು, ಅದರಿಂದಲೂ ಒಂದು ತುತ್ತು. ನನ್ನದು ಬಂತು. ಕಳೆಯುವ ವಿಭಾಗದವರದು, ಕಾವಲುಗಾರನದು, ಟಪಾಲಿನವನದು ಒಂದರ ಹಿಂದೊಂದು ಬಂದವು. ಯಾರ ಮನೆಯ ಊಟವನ್ನೂ ಅವರು ತಳ್ಳಲಿಲ್ಲ, ಯಾರ ಮನೆಯವರನ್ನೂ ಹೊಗಳದೆ ಬಿಡಲಿಲ್ಲ. ಬೇಡವಾದರೆ ಸಾಕು ಅನ್ನಬಹುದು ಎಂದು ಹನ್ನೆರಡನೇ ಡಬ್ಬಿಯ ಹೊತ್ತಿಗೆ ನಾನು ಮೆಲ್ಲಗೆ ಸೂಚಿಸಿದೆ. ನನ್ನ ಡಬ್ಬಿ ಆಗಲೇ ಹೋಗಿತ್ತಾದ್ದರಿಂದ ಇದರಲ್ಲಿ ಸ್ವಾರ್ಥವಿರಲಿಲ್ಲ.

“ತಂದಿಟ್ಟೋರ ಮುಖ ನೋಡಿ ಬೇಡ ಅನ್ನೋಕಾಗುತ್ತೇನಪ್ಪ?” ಎಂದರು ಅಜ್ಜಿ.

ಕೊನೆಗೆ ನಿರ್ದೇಶಕರ ನಾಲ್ಕು ಅಂತಸ್ತಿನ ಡಬ್ಬಿಯೂ ಹೋಯಿತು. ಇನ್ನು ಡಬ್ಬಿ ಉಳಿದಿರಲಿಲ್ಲ. ಅಜ್ಜಿ ಇನ್ನೂ ಸಾಕು ಎಂದಿರಲಿಲ್ಲ. ಇಲಾಖೆಯ ಇಪ್ಪತ್ತು, ಅವರದೇ ಒಂದು, ಒಟ್ಟು ಇಪ್ಪತ್ತೊಂದು ಎಂದು ನಾನು ಕೂಡಿಸಿ ಕೊಟ್ಟೆ. ಪರೀಕ್ಷೆಯಲ್ಲಿ ಖರ್ಚಾದದ್ದೆಂದು ದಾಖಲಾದ ಊಟವನ್ನು ಮತ್ತೆ ಉಣ್ಣಲು ಬರುವುದಿಲ್ಲವಾದ್ದರಿಂದ ಡಬ್ಬಿಗಳಿಗೆ ಮೊಹರು ಬಿತ್ತು. ಆ ದಿನ ಇಡೀ ಇಲಾಖೆ ನೀರು ಕುಡಿದು ಕೆಲಸ ಮಾಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ನಾನು ಅಕ್ಷರಶಃ ಕಂಡೆ.

ಸಂಜೆ ಪ್ರಮಾಣಪತ್ರ ಹೊರಟಿತು. ಮೂವರು ಸದಸ್ಯರು, ಇಪ್ಪತ್ತೊಂದು ಮಂದಿಗೆ ಸಮನಾದ ಒಬ್ಬ ಅಜ್ಜಿ, ಒಟ್ಟು ಇಪ್ಪತ್ತನಾಲ್ಕು. ಕುಟುಂಬ ಕುಕ್ಕರಿಗೆ ಸರಿಹೊಂದಿತ್ತು. ವಿಲೀನ ರದ್ದಾಯಿತು. ಬ್ಯಾಂಡಿನವರು ಬೇಸರಪಡದೆ, ಅಜ್ಜಿ ಮನೆಗೆ ಮರಳುವಾಗ ಬೀದಿಯ ತುದಿಯಿಂದ ಬಾಗಿಲವರೆಗೆ ಬಾರಿಸಿಕೊಂಡು ಬಂದರು. ಅಜ್ಜಿ ಬಂದರು, ಅಜ್ಜಿ ಬಂದರು ಎಂದು ಜನ ಹೇಳಿಕೊಂಡರು. ಆ ಬಹುವಚನ ಗೌರವದ್ದೋ ಲೆಕ್ಕದ್ದೋ ಎಂದು ಅಂದಿನಿಂದ ಯಾರಿಗೂ ಖಚಿತವಿಲ್ಲ.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ದಿನವೂ ಇಪ್ಪತ್ತೊಂದು ಜನರ ಅನ್ನವನ್ನು ಅಜ್ಜಿ ಒಬ್ಬರೇ ಉಣ್ಣಬೇಕು. ಇಲ್ಲದಿದ್ದರೆ ಪ್ರಮಾಣಪತ್ರ ಸುಳ್ಳಾಗುತ್ತದೆ. ಅವರ ಪಾಲಿನ ಅಕ್ಕಿ ಇಲಾಖೆಯ ಉಗ್ರಾಣದಿಂದ ಮೂಟೆಯಲ್ಲಿ ಬರತೊಡಗಿತು. ಟೀಚರಿಗೆ ನಿದ್ದೆ ಬಾರದಾಯಿತು. ಆದರೆ ನಿರ್ದೇಶಕರು ಪರೀಕ್ಷೆಯ ಮರುದಿನವೇ ನಿಯಮಾವಳಿಯನ್ನು ತಿರುವಿಹಾಕಿ ನಿಯಮ ನಲವತ್ತನಾಲ್ಕನ್ನು ಕಂಡುಹಿಡಿದಿದ್ದರು. ಹಸಿವು ಬಾಯಿಗಿಂತ ದೊಡ್ಡದಾಗಿರುವ ವ್ಯಕ್ತಿಯು ಅಧಿಕೃತ ಪ್ರತಿನಿಧಿಗಳ ಮೂಲಕ ಉಣ್ಣಬಹುದು. ಪ್ರತಿನಿಧಿಗಳು ನಂಬಿಗಸ್ತರಾಗಿರತಕ್ಕದ್ದು. ಇಲಾಖೆಯ ಇಪ್ಪತ್ತು ಸಿಬ್ಬಂದಿಗಿಂತ ನಂಬಿಗಸ್ತರು ಸಿಗುವುದು ಕಷ್ಟವಾದ್ದರಿಂದ, ಮತ್ತು ಟೀಚರ ಸಾರಿನ ಬಗ್ಗೆ ನಮ್ಮ ಮೂವರ ವರದಿಗಳಲ್ಲಿ ಏಕಾಭಿಪ್ರಾಯವಿದ್ದುದರಿಂದ, ಆದೇಶ ಅಂದೇ ಹೊರಟಿತು.

ಮರುದಿನ ಒಂದು ಗಂಟೆಗೆ ನಾವು ಇಪ್ಪತ್ತು ಜನ, ಎರಡು ಸಾಲಾಗಿ, ಟೀಚರ ಮನೆಗೆ ಹೋದೆವು. ಬಾಗಿಲು ಇರಲಿಲ್ಲವಾದ್ದರಿಂದ ತಟ್ಟುವ ಪ್ರಮೇಯ ಬರಲಿಲ್ಲ. ಅಜ್ಜಿ ಕುರ್ಚಿಯ ಮೇಲೆ ಕೂತಿದ್ದರು, ಮೊಮ್ಮಗಳು ಪಕ್ಕದಲ್ಲಿ ಆದೇಶದ ಜೊತೆ ಬಂದಿದ್ದ ನಿಯಮಾವಳಿ ಹಿಡಿದು ನಿಂತಿದ್ದಳು. ನಾವು ಊಟಕ್ಕೆ ಕೂರುವ ಮೊದಲು ಅವಳು ನಿಯಮ ನಲವತ್ತನಾಲ್ಕರ ಎರಡನೇ ಉಪನಿಯಮವನ್ನು ಗಟ್ಟಿಯಾಗಿ ಓದಿದಳು: ಪ್ರತಿನಿಧಿಗಳು ಎಲ್ಲ ವಿಷಯಗಳಲ್ಲೂ ಮೂಲ ವ್ಯಕ್ತಿಯಂತೆಯೇ ನಡೆದುಕೊಳ್ಳತಕ್ಕದ್ದು. ನಿರ್ದೇಶಕರು ಆ ಪುಟವನ್ನು ತಿರುವಿರಲಿಲ್ಲ.

“ಅದರ ಅರ್ಥ ಏನು ಅಂತ ಇವಳನ್ನ ಕೇಳಿದೆ,” ಎಂದರು ಅಜ್ಜಿ. “ನಾನು ಏನೇನು ಮಾಡ್ತೀನೋ ಅದನ್ನೆಲ್ಲ ನೀವೂ ಮಾಡ್ಬೇಕಂತೆ. ಊಟಕ್ಕೆ ಮುಂಚೆ ನಾನು ಕಷಾಯ ಕುಡೀತೀನಪ್ಪ, ಮಂಡಿನೋವಿಗೆ. ಒಳಗೆ ಕುದಿಸಿಟ್ಟಿದೆ.”

ಕಷಾಯ ಕಪ್ಪಗಿತ್ತು. ಅದರ ರುಚಿಯನ್ನು ವರದಿ ಮಾಡುವ ಅಧಿಕಾರ ನನಗಿಲ್ಲ. ನಿರ್ದೇಶಕರು ಮೊದಲು ಕುಡಿದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ನಿಯಮ ನಿಯಮವೇ ಎಂದರು. ನಾವೆಲ್ಲ ಕುಡಿದೆವು. ಊಟವಾದ ಮೇಲೆ ಅಜ್ಜಿ ತಮ್ಮ ತಟ್ಟೆಯನ್ನು ತಾವೇ ತೊಳೆದರು, ನಾವೂ ತೊಳೆದೆವು. ಅವರು ಹಿತ್ತಲಲ್ಲಿ ಕಾಲು ನೀಡಿ ಮಂಡಿಗೆ ಎಣ್ಣೆ ಹಚ್ಚಿಕೊಂಡರು. ಇಪ್ಪತ್ತು ಜೋಡಿ ಮಂಡಿಗಳಿಗೆ ಎಣ್ಣೆ ಬಿತ್ತು. ಆಮೇಲೆ ಅವರು ಮಲಗಿದರು. ನಾವು ಸಿಕ್ಕ ಸಿಕ್ಕಲ್ಲಿ ಮಲಗಿದೆವು. ಕಚೇರಿಯ ಬಾಗಿಲಿಗೆ ಮರುದಿನ ಈ ಪ್ರಕಟಣೆಯನ್ನು ಅಂಟಿಸಲಾಯಿತು:

“ಸಾರ್ವಜನಿಕರ ಗಮನಕ್ಕೆ. ಅಜ್ಜಿ ಮಲಗಿರುವುದರಿಂದ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕಚೇರಿ ಮುಚ್ಚಿರುತ್ತದೆ. ಸಹಕರಿಸಬೇಕಾಗಿ ಕೋರಿಕೆ.”

ಸಾರ್ವಜನಿಕರು ಸಹಕರಿಸಿದರು. ಯಾವ ಅಜ್ಜಿ ಎಂದು ಒಬ್ಬರೂ ಕೇಳಲಿಲ್ಲ.

ಬೆಳಗ್ಗೆ ಎಂಟಕ್ಕೆ ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುವುದರಿಂದ ನಾವೂ ಎಂಟಕ್ಕೆ ಹಾಜರಾಗತೊಡಗಿದೆವು. ಕಡತದಲ್ಲಿ ತಪ್ಪು ಕಾಣದ ಹಿರಿಯ ಪರಿವೀಕ್ಷಕರಿಗೆ ಅಕ್ಕಿಯಲ್ಲಿ ಕಲ್ಲು ಚೆನ್ನಾಗಿ ಕಾಣುತ್ತದೆಂದು ಆಗ ಗೊತ್ತಾಯಿತು. ಭಾನುವಾರವೂ ಅಜ್ಜಿಗೆ ಹಸಿವಾಗುವುದರಿಂದ ಇಲಾಖೆ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಭಾನುವಾರ ಕೆಲಸ ಮಾಡಿತು. ಒಂದು ಶುಕ್ರವಾರ ಅಜ್ಜಿಗೆ ನೆಗಡಿಯಾಯಿತು. ಇಪ್ಪತ್ತು ಜನರೂ ಸೀನಿದೆವು. ಕೆಲವರು ಕರ್ತವ್ಯಪ್ರಜ್ಞೆಯಿಂದ, ಉಳಿದವರು ನಿಜವಾಗಿಯೇ. ನನಗೆ ಆದೇಶದಲ್ಲಿ ಏಳನೇ ಅಜ್ಜಿ ಎಂಬ ಪದನಾಮ ಸಿಕ್ಕಿತು. ಮನೆಯಲ್ಲಿ ಹೇಳಿದೆ. ಹೆಂಡತಿ, ಬಡ್ತಿಯೋ ಹಿಂಬಡ್ತಿಯೋ ಎಂದಷ್ಟೇ ಕೇಳಿದಳು.

ಟೀಚರು ಮೊದಮೊದಲು ಗೋಡೆಗೆ ಒರಗಿ ನಿಂತು ನಮ್ಮನ್ನು ನೋಡುತ್ತಿದ್ದರು, ತಪ್ಪು ಉತ್ತರವೊಂದು ಕಣ್ಣೆದುರೇ ಉಣ್ಣುತ್ತ ಕೂತಿರುವುದನ್ನು ನೋಡುವ ಹಾಗೆ. ಕ್ರಮೇಣ ರೂಢಿಯಾಯಿತು. ಅಕ್ಕಿ ಆರಿಸಲು, ತೊಳೆಯಲು, ಪಾತ್ರೆ ಎತ್ತಿಡಲು ಇಪ್ಪತ್ತೊಂದು ಜೊತೆ ಕೈಗಳಿರುವ ಅತ್ತೆ ಬೇರೆ ಯಾವ ಸೊಸೆಗೂ ಇರಲಿಕ್ಕಿಲ್ಲ ಎಂದು ಒಂದು ದಿನ ಅವರೇ ಹೇಳಿ ನಕ್ಕರು. ಅಜ್ಜಿ ಸ್ವಲ್ಪ ಮೈಕೈ ತುಂಬಿಕೊಂಡರು. ಈಗ ಅವರು ಎಲ್ಲರಿಗಿಂತ ಮೊದಲು ಊಟಕ್ಕೆ ಕೂರುತ್ತಾರೆ, ಯಾಕೆಂದರೆ ಅವರು ತುತ್ತೆತ್ತದೆ ಇಪ್ಪತ್ತು ಜನ ಎತ್ತುವ ಹಾಗಿಲ್ಲ. ಮಗಳು ಸೌಟು ಹಿಡಿದು ಬಂದು, ಅಜ್ಜಿ ಇನ್ನೊಂಚೂರು ಹಾಕ್ಲಾ ಎಂದು ಕೇಳಿದಾಗ ಇಪ್ಪತ್ತೊಂದು ತಟ್ಟೆಗಳು ಒಟ್ಟಿಗೆ ಮುಂದೆ ಬರುತ್ತವೆ.

ಮೊನ್ನೆ ಹೀಗೆಯೇ ಊಟ ಮುಗಿದು ನಾವು ಹಿತ್ತಲಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಹೊಸದಾಗಿ ಮದುವೆಯಾದ ಗಂಡಹೆಂಡಿರಿಬ್ಬರು ನಮೂನೆ ಏಳನ್ನು ಹಿಡಿದು ಕಚೇರಿಗೆ ಹೋಗಿ, ಅಲ್ಲಿ ಪ್ರಕಟಣೆ ಓದಿ, ದಾರಿ ಕೇಳಿಕೊಂಡು ಇಲ್ಲಿಗೆ ಬಂದರು. ತಾವು ಇಬ್ಬರೇ ಇರುವುದಾಗಿಯೂ, ಒಂದು ಲೀಟರಿನದು ಸಾಕೆಂದೂ ಹುಡುಗಿ ಸಂಕೋಚದಿಂದ ಹೇಳಿದಳು. ನಿರ್ದೇಶಕರು ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು ಕೂತಿದ್ದವರು ಅರ್ಜಿಯ ಕಡೆ ನೋಡಲೂ ಇಲ್ಲ.

“ಇದು ಮಲಗೋ ಹೊತ್ತು ಕಣಮ್ಮ,” ಎಂದರು. “ನಾಲ್ಕಕ್ಕೆ ಬನ್ನಿ.”

“ಆಗ್ಲಿ ಅಜ್ಜಿ,” ಎಂದು ಅವರಿಬ್ಬರೂ ನಿರ್ದೇಶಕರಿಗೆ ಕೈಮುಗಿದು ಹೋದರು.